ಬೆನ್ನಿಗೆ ಒತ್ತದ ಹಾಸಿಗೆ

ತಲೆಯ ಮೇಲೆ ಒಂದೆರಡು ಹತ್ತಿಯ ಎಳೆ ಕೂರಿಸಿಕೊಳ್ಳದೆ ಆ ಬೀದಿಯವರು ಯಾರೂ ಮನೆ ಸೇರುತ್ತಿರಲಿಲ್ಲ. ಕಾರಣ ಹಾಸಿಗೆಯಕ್ಕನ ಅಂಗಡಿ. ಸೈಕಲ್ ರಿಪೇರಿಯವನ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಇದ್ದ ಒಂದು ಉದ್ದನೆಯ ಕೋಣೆ ಅದು. ಮುಂಭಾಗದಲ್ಲಿ ಕೆಲಸ, ಪರದೆಯ ಆಚೆ ಅಡುಗೆ, ಊಟ, ನಿದ್ದೆ. ಜನ ತಂದು ಹಾಕಿದ ಹಳೆಯ ಹಾಸಿಗೆಗಳ ಹೊಲಿಗೆ ಬಿಚ್ಚಿ, ಮೈಭಾರಕ್ಕೆ ಕಲ್ಲಿನಂತೆ ಗಟ್ಟಿಯಾದ ಹತ್ತಿಯನ್ನು ಬೆರಳಿನಿಂದ ಬಿಡಿಸಿ, ಕೋಲಿನಿಂದ ಬಡಿದು, ಬಿಸಿಲಿಗೆ ಹರವಿ, ಮತ್ತೆ ತುಂಬಿ, ದಬ್ಬಳದಿಂದ ಹೊಲಿಯುವುದು ಅವಳ ಕೆಲಸ. ಆ ಉದ್ದನೆಯ ದಪ್ಪ ಸೂಜಿಯನ್ನು ಹಾಸಿಗೆಯ ಈ ಮೈಯಿಂದ ಆ ಮೈಗೆ ಚುಚ್ಚಿ, ದಾರ ಎಳೆದು, ಗಂಟು ಹಾಕಿದರೆ ಒಳಗಿನ ಹತ್ತಿ ಅತ್ತಿತ್ತ ಸರಿಯದೆ ಇದ್ದಲ್ಲೇ ಇರುತ್ತದೆ.

ಅವಳ ಮೈ ದೊಡ್ಡದು, ಮಾತು ಸಣ್ಣದು. ನಡೆದರೆ ಏದುಸಿರು. ಹತ್ತಿಯ ಧೂಳು ಎದೆಗೆ ಇಳಿದು ಸದಾ ಒಂದು ಒಣಕೆಮ್ಮು.

“ಅಕ್ಕಾ, ನಿನ್ನ ತಲೆ ನೆರೆತಿದೆಯೋ, ಹತ್ತಿ ಕೂತಿದೆಯೋ, ದೇವರಿಗೇ ಗೊತ್ತು,” ಎಂದು ಸೈಕಲ್ ರಿಪೇರಿಯವನು ಚೇಷ್ಟೆ ಮಾಡಿದರೆ, “ದೇವರಿಗೆ ಗೊತ್ತಿದ್ರೆ ಸಾಕಲ್ಲ, ನಿನಗ್ಯಾಕೆ?” ಎಂದು ತಲೆ ಎತ್ತದೆ ಹೊಲಿಯುತ್ತಿದ್ದಳು.

ಆ ಅಂಗಡಿಗೆ ಅವಳು ಸೊಸೆಯಾಗಿ ಬಂದವಳು. ಬೀದಿಯ ಕೊನೆಯಲ್ಲಿ ತಗಡಿನ ಮಾಡಿನ ಸಣ್ಣ ಚರ್ಚು ಇದೆಯಲ್ಲ, ಅಲ್ಲೇ ಮದುವೆಯಾಯಿತು. ಗಂಡನ ತಂದೆ ಆಗಲೇ ತೀರಿಕೊಂಡಿದ್ದರು, ಅತ್ತೆ ಇದ್ದಳು. ದಬ್ಬಳ ಚೂಪೋ ಅತ್ತೆಯ ನಾಲಿಗೆ ಚೂಪೋ ಎಂದು ಗ್ರಾಹಕರೇ ನಗುತ್ತಿದ್ದರು. ಸೊಸೆ ಹೊಲಿದರೆ ನಿಧಾನ, ಉಂಡರೆ ಜಾಸ್ತಿ, ಕೂತರೆ ಬಾಗಿಲಿಗೇ ಅಡ್ಡ. ಮಕ್ಕಳಾಗದೆ ವರ್ಷಗಳು ಕಳೆದ ಮೇಲೆ ಆ ನಾಲಿಗೆ ಇನ್ನೂ ಒಳಕ್ಕೆ ಇಳಿಯತೊಡಗಿತು.

“ಊರವರ ತೊಟ್ಟಿಲಿಗೆಲ್ಲ ಹಾಸಿಗೆ ಹೊಲೀತಾಳೆ ನಮ್ಮ ಮಹಾರಾಯ್ತಿ. ನಮ್ಮನೆ ತೊಟ್ಟಿಲು ಮಾತ್ರ ಅಟ್ಟದ ಮೇಲೆ ಜೇಡರ ಬಲೆ ಕಟ್ಟಿಸ್ಕೊಂಡು ಕೂತಿದೆ.”

ಅಂಥ ದಿನ ಸೊಸೆಯ ಹೊಲಿಗೆ ಇನ್ನೂ ನಿಧಾನವಾಗುತ್ತಿತ್ತು, ಅಷ್ಟೆ.

ನಿಧಾನಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಅತ್ತೆಗೆ ಬಹಳ ಕಾಲ ಗೊತ್ತಿರಲಿಲ್ಲ. ಮದುವೆಯ ಹೊಸದರಲ್ಲಿ, ಬೆಳಗಿನ ಕೆಲಸದ ನಡುವೆ ಮಂಡಿಯೂರಿ ಪ್ರಾರ್ಥನೆ ಮಾಡಲು ಪುರುಸೊತ್ತು ಸಿಗದೆ, ಅವಳು ಒಂದು ಅಭ್ಯಾಸ ಮಾಡಿಕೊಂಡಿದ್ದಳು. ಹಾಸಿಗೆಗೆ ಒಂದೊಂದು ಗಂಟು ಹಾಕುವಾಗಲೂ ಒಬ್ಬೊಬ್ಬರನ್ನು ದೇವರ ಮುಂದೆ ನೆನೆಯುವುದು. ರಕ್ತ ಕೆಮ್ಮುವ ಅಂಚೆಯವನು ಒಂದು ಗಂಟಿಗೆ. ಪರೀಕ್ಷೆಯಲ್ಲಿ ನಪಾಸಾಗಿ ಮನೆಯಿಂದ ಹೊರಗೆ ಬರದ ಎದುರುಮನೆಯ ಹುಡುಗಿ ಇನ್ನೊಂದಕ್ಕೆ. ಕುಡಿದು ಹೆಂಡತಿಗೆ ಹೊಡೆಯುವ ಬೀಗದ ಕೈಯವನು, ಹೊಡೆತ ತಿನ್ನುವ ಅವನ ಹೆಂಡತಿ, ಇಬ್ಬರಿಗೂ ಬೇರೆ ಬೇರೆ ಗಂಟು. ಆ ಹಾಸಿಗೆಯಲ್ಲಿ ಮಲಗುವವರು ಯಾರೋ ಅವರಿಗೆ ಕೊನೆಯದು. ಅತ್ತೆಗೂ ಒಂದು ಇದ್ದೇ ಇತ್ತು. “ಅದು ಸ್ವಲ್ಪ ಬಿಗಿಯಾಗೇ ಬೀಳ್ತಿತ್ತು,” ಎಂದು ಎಷ್ಟೋ ಕಾಲದ ಮೇಲೆ ಅವಳೇ ನಕ್ಕು ಹೇಳಿದ್ದುಂಟು.

ಗಂಡ ಬೇರೆ ಥರದವನು. ನೋಡಲು ಚೆಲುವ, ಚೆನ್ನಾಗಿ ಸಿಳ್ಳೆ ಹಾಕುತ್ತಿದ್ದ. ಹತ್ತಿಯ ಧೂಳು ಕಂಡರೆ ಆಗದು. ಸೋಫಾದ ದಿಂಬುಗಳಿಗೆ ಹಾಕುವ ಬಟ್ಟೆಯ ಗುಂಡಿಗಳನ್ನು ತರುವ ಕೆಲಸ ಮಾತ್ರ ಅವನಿಗೆ ಇಷ್ಟ, ಏಕೆಂದರೆ ಗುಂಡಿ ಅಂಗಡಿ ಪೇಟೆಯ ಆ ತುದಿಯಲ್ಲಿತ್ತು. ಬರಬರುತ್ತ ಅವನು ಗುಂಡಿ ತರಲು ಹೋಗುವುದು ಹೆಚ್ಚಾಯಿತು, ಗುಂಡಿ ಬರುವುದು ಕಡಿಮೆಯಾಯಿತು. ಅಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ಹೆಂಗಸಿನ ಜೊತೆ ಒಂದು ದಿನ ಅವನು ಹೊರಟೇಹೋದ. ಬಟ್ಟೆ ತುಂಬಿಕೊಂಡ ಚೀಲ ಹೆಗಲಿಗೇರಿಸಿ, ಹೆಂಡತಿ ಬಾವಿಕಟ್ಟೆಯ ಹತ್ತಿರ ಇದ್ದಾಗ ಅಮ್ಮನಿಗೆ ಮಾತ್ರ ಹೇಳಿದ: “ಮನೆ ಮಾಡಿ ನಿನ್ನನ್ನ ಕರೆಸ್ಕೋತೀನಿ.”

ಗುಂಡಿ ಅಂಗಡಿಗೆ ಹೋದವನು ಗುಂಡಿಗೇ ಬಿದ್ದ ಎಂದು ಬೀದಿ ನಕ್ಕಿತು. ಊರ ಬಾಯಿಗೆ ಮುಚ್ಚಳ ಎಲ್ಲಿದೆ?

ಅತ್ತೆ ಹೊಸ್ತಿಲಲ್ಲಿ ರಸ್ತೆಯ ಕಡೆ ಮುಖ ಮಾಡಿ ಕೂತಳು. ಮಗ ಇಂದು ಕರೆಸಿಕೊಳ್ಳುತ್ತಾನೆ, ನಾಳೆ ಕರೆಸಿಕೊಳ್ಳುತ್ತಾನೆ ಎಂದು ಗಂಟು ಕಟ್ಟಿದ ಬಟ್ಟೆಯನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಕರೆ ಬರಲಿಲ್ಲ. ಕೊನೆಗೊಂದು ಮಧ್ಯಾಹ್ನ ಆ ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡು, ಸೊಸೆಯ ಕಡೆ ತಿರುಗದೆ ಕೇಳಿದಳು:

“ಇನ್ನು ನೀನು ನನ್ನ ಯಾಕೆ ಇಟ್ಕೋತೀಯ? ಮಗನೇ ಬಿಟ್ಟ ಮೇಲೆ ಸೊಸೆ ಯಾವ ಲೆಕ್ಕ? ತವರಿಗೆ ಹೋಗೋದಾದ್ರೆ ಹೋಗು. ನನಗೊಂದು ದಾರಿ ಆಗತ್ತೆ.”

“ಊಟ ಆರ್ತಾ ಇದೆ ಅತ್ತೆ,” ಎಂದಳು ಸೊಸೆ.

“ನಾನು ಕೇಳಿದ್ದೇನು, ನೀನು ಹೇಳ್ತಿರೋದೇನು?”

“ನೀವು ಕೇಳಿದ್ದಕ್ಕೆ ಇದೇ ಉತ್ತರ. ಎದ್ದು ಬನ್ನಿ.”

ಅತ್ತೆ ಎದ್ದು ಬಂದಳು. ತಟ್ಟೆಯ ಮುಂದೆ ಕೂತು, ತುತ್ತು ಬಾಯಿಗಿಟ್ಟು, “ಉಪ್ಪು ಕಮ್ಮಿ,” ಎಂದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ಆಮೇಲಿನ ವರ್ಷಗಳಲ್ಲಿ ಆ ಇಬ್ಬರು ಹೆಂಗಸರು ಒಂದೇ ಪರದೆಯ ಹಿಂದೆ ಬಾಳಿದರು. ಅತ್ತೆಯ ನಾಲಿಗೆ ಮೊಂಡಾಯಿತು ಎಂದುಕೊಳ್ಳಬೇಡಿ. ಬಡಿಯುವಾಗ ಕೋಲು ಸರಿಯಾಗಿ ಬೀಳಲಿಲ್ಲ ಎನ್ನುವುದರಿಂದ ಹಿಡಿದು ಕೆಮ್ಮು ಜೋರಾಯಿತು ಎನ್ನುವವರೆಗೆ ಎಲ್ಲದಕ್ಕೂ ಮಾತು ಇತ್ತು. ಆದರೆ ಈಗ ಆ ನಾಲಿಗೆ ಹೊರಗಿನವರ ಮೇಲೆಯೂ ತಿರುಗುತ್ತಿತ್ತು. ಸೊಸೆಯನ್ನು ಗಂಡ ಬಿಟ್ಟವಳು, ಗಂಡನನ್ನು ಉಳಿಸಿಕೊಳ್ಳಲಾರದವಳು ಎಂದು ಯಾರಾದರೂ ಗ್ರಾಹಕರು ಸೂಚ್ಯವಾಗಿ ಅಂದರೂ ಸಾಕು, ಪರದೆಯ ಆಚೆಯಿಂದ ಧ್ವನಿ ಬರುತ್ತಿತ್ತು: “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಿನ್ನ ಕಾಲು ನಮ್ಮನೆ ಹಾಸಿಗೆವರೆಗೂ ಯಾಕೆ ಬಂತು?”

ಹಾಸಿಗೆಯಕ್ಕ ಅಂಗಡಿಯಲ್ಲಿ ಉಳಿದ ಚೂರುಪಾರು ಹತ್ತಿಯನ್ನು ಎಸೆಯುತ್ತಿರಲಿಲ್ಲ. ಶುಚಿ ಮಾಡಿ, ಒಗೆದ ಹಳೆ ಬಟ್ಟೆಯಲ್ಲಿ ತುಂಬಿ, ತೊಟ್ಟಿಲಿಗೆ ಹಾಸುವಷ್ಟು ಅಗಲದ ಪುಟ್ಟ ಹಾಸಿಗೆಗಳನ್ನು ಹೊಲಿದು, ಹೆರಿಗೆ ಆಸ್ಪತ್ರೆಯ ನರ್ಸಮ್ಮನ ಕೈಗೆ ಕೊಟ್ಟು ಬರುತ್ತಿದ್ದಳು. ಹಾಸಿಗೆ ಹಿಡಿದವರಿಗೆ ಹೊಲಿಯುವುದು ಅವಳು ತಾನಾಗಿ ಕಲಿತ ಇನ್ನೊಂದು ಕೆಲಸ. ಮಲಗಿದಲ್ಲೇ ಮಲಗಿದವರ ಸೊಂಟ, ಹಿಮ್ಮಡಿ, ಭುಜದ ಮೂಳೆ ಒತ್ತಿ ಒತ್ತಿ ಹುಣ್ಣಾಗುತ್ತದೆ. ಹಾಗಾಗದ ಹಾಗೆ ಮೆತ್ತಗೆ, ಭಾರ ಬೀಳುವ ಕಡೆ ಒಂದೂ ಗಂಟು ಬರದ ಹಾಗೆ ಅವಳು ಹೊಲಿಯುತ್ತಿದ್ದಳು. ಕೊಟ್ಟು ಬಂದ ಮೇಲೂ ವಾರಕ್ಕೊಮ್ಮೆ ಹೋಗಿ, ಹತ್ತಿ ಕೂತಿದ್ದರೆ ತಟ್ಟಿ ಎಬ್ಬಿಸಿ, ಮಲಗಿದವರ ಜೊತೆ ಎರಡು ಮಾತಾಡಿ ಬರುವುದು ರೂಢಿ. ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಪ್ರಾರ್ಥನೆ. ಕೇಳದವರಿಗೆ ಬೆನ್ನಿಗೆ ಪುಡಿ ಹಚ್ಚಿ ಬರುವುದು.

ಚರ್ಚಿನಲ್ಲಿ ಅವಳದ್ದು ಬಾಗಿಲ ಪಕ್ಕದ ಕೊನೆಯ ಬೆಂಚು, ಕೆಮ್ಮು ಬಂದರೆ ಎದ್ದು ಹೋಗಲು ಸುಲಭ ಅಂತ. ಒಮ್ಮೆ ಸಭೆಯ ಹಿರಿಯರೊಬ್ಬರು, ದೊಡ್ಡ ಮರದ ಡಿಪೋದ ಯಜಮಾನರು, ಬೆಂಚುಗಳಿಗೆ ಮೆತ್ತೆ ಹೊಲಿಯಲು ಬಟ್ಟೆ ಕೊಡಿಸಿದರು. ಹಬ್ಬದ ಆರಾಧನೆಗೆ ಬಂದು ನೋಡಿದರೆ ಹಿಂದಿನ ಬೆಂಚುಗಳೆಲ್ಲ ಮೆತ್ತಗೆ, ಅವರು ಕೂರುವ ಮುಂದಿನ ಬೆಂಚು ಬರೀ ಹಲಗೆ.

“ಏನಮ್ಮಾ ಇದು? ಮುಂದಿನಿಂದ ಶುರು ಮಾಡೋದು ಬಿಟ್ಟು?”

“ಮಂಡಿನೋವಿನವರು, ಮುದುಕರು ಎಲ್ಲಾ ಹಿಂದೆ ಕೂರ್ತಾರೆ ಯಜಮಾನ್ರೇ. ಬಟ್ಟೆ ಅಷ್ಟಕ್ಕೇ ಆಯ್ತು. ನೀವೂ ಹಿಂದೆ ಬನ್ನಿ, ಜಾಗ ಇದೆ.”

ಪಾದ್ರಿಗಳು ಕೆಮ್ಮಿದಂತೆ ಮಾಡಿ ನಗು ನುಂಗಿದರು. ಹಿರಿಯರು ಆ ವರ್ಷವೆಲ್ಲ ಅವಳ ಜೊತೆ ಬಿಗಿಯಾಗಿಯೇ ಇದ್ದರು.

ಹೀಗೇ ದಿನಗಳು ಸಾಗುತ್ತಿರುವಾಗ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಬಡಕಲು ಮೈ, ಮಾಸಿದ ಬಟ್ಟೆ, ಕೈಯಲ್ಲಿ ಏನೂ ಇಲ್ಲ. ಹಾಸಿಗೆಯಕ್ಕ ಹತ್ತಿ ಬಿಡಿಸುತ್ತ, “ಒಳಗೆ ಬಾಮ್ಮ,” ಎಂದಳು. ಅವಳು ಒಳಗೆ ಬರಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಹಾಸಿಗೆ ಹಿಡಿದವರಿಗೆ ನೀವು ಹೊಲಿದು ಕೊಡ್ತೀರಂತೆ. ಬೆನ್ನಿಗೆ ಒತ್ತದ ಹಾಗೆ. ಆಸ್ಪತ್ರೆಯ ನರ್ಸಮ್ಮ ಹೇಳಿದ್ರು.”

“ಹೂಂ. ಯಾರಿಗೆ?”

ಹಾಸಿಗೆಯಕ್ಕ ತಲೆ ಎತ್ತಿ ಅವಳ ಮುಖವನ್ನು ಸರಿಯಾಗಿ ನೋಡಿದಳು. ಗಲ್ಲಾಪೆಟ್ಟಿಗೆಯ ಹಿಂದೆ ಬಣ್ಣಬಣ್ಣದ ಗುಂಡಿಗಳ ನಡುವೆ ಕಂಡಿದ್ದ ದುಂಡುಮುಖ ಇಷ್ಟು ಒಣಗಿದ್ದರೂ ಗುರುತು ಸಿಕ್ಕಿತು.

“ಅವರಿಗೆ ಲಕ್ವ ಹೊಡೆದಿದೆ,” ಎಂದಳು ಬಂದವಳು. “ಬಲಗಡೆ ಪೂರ್ತಿ ಬಿದ್ದುಹೋಗಿದೆ. ಮಾತೂ ಇಲ್ಲ. ನಾನು ಪ್ಯಾಕಿಂಗ್ ಕೆಲಸಕ್ಕೆ ಹೋಗ್ಬೇಕು, ಹಗಲೆಲ್ಲ ಒಬ್ಬರೇ ಮಲಗಿರ್ತಾರೆ. ಬೆನ್ನೆಲ್ಲ ಹುಣ್ಣಾಗಿದೆ. ನಾನು ಬೇರೇನೂ ಕೇಳೋಕೆ ಬಂದಿಲ್ಲ. ಹಾಸಿಗೆ ಮಾತ್ರ.”

ಪರದೆಯ ಆಚೆ ಪಾತ್ರೆಯ ಸದ್ದು ನಿಂತಿತು.

ಹಾಸಿಗೆಯಕ್ಕ ಬಹಳ ಹೊತ್ತು ಹತ್ತಿಯನ್ನು ಬೆರಳುಗಳ ನಡುವೆ ಹಿಸುಕುತ್ತಿದ್ದಳು. ಕೊನೆಗೆ ಕೇಳಿದಳು, “ಮಂಚ ಇದೆಯಾ, ನೆಲವಾ?”

“ನೆಲ.”

“ಯಾವ ಮಗ್ಗುಲಿಗೆ ಮಲಗಿಸ್ತೀಯ?”

“ಮಲಗಿಸೋದೆಲ್ಲಿ? ಒಬ್ಬಳಿಗೆ ತಿರುಗಿಸೋಕೆ ಆಗಲ್ಲ.”

“ಮನೆ ಎಲ್ಲಿ ಹೇಳಿ ಹೋಗು. ತರ್ತೀನಿ.”

ಅವಳು ಹೋದ ಮೇಲೆ ಹಾಸಿಗೆಯಕ್ಕ ಹತ್ತಿ ಬಡಿಯಲು ಕೂತಳು. ಸೈಕಲ್ ರಿಪೇರಿಯವನು ಆ ದಿನವನ್ನು ಆಮೇಲೆ ಎಲ್ಲರಿಗೂ ಹೇಳುತ್ತಿದ್ದ: ಆ ಕೋಲಿನ ಏಟು ಕೇಳಿ ತನ್ನ ಅಂಗಡಿಯ ಗೋಡೆಯ ಮೇಲಿನ ಟೈರುಗಳೇ ಅಲ್ಲಾಡಿದವಂತೆ. ಹತ್ತಿ ಎಂದೂ ಅಷ್ಟು ನುಣ್ಣಗೆ ಬಿಡಿಸಿಕೊಂಡಿರಲಿಲ್ಲ. ಅವಳು ಬಡಿದಳು, ಕೆಮ್ಮಿದಳು, ಮತ್ತೆ ಬಡಿದಳು. ಮುಖ ಕೆಂಪಾಗಿ ಬೆವರು ಇಳಿದು ಹತ್ತಿ ಕೆನ್ನೆಗೆಲ್ಲ ಮೆತ್ತಿಕೊಂಡಿತ್ತು. ನೋಡಿದವರಿಗೆ ಅಳುತ್ತಿದ್ದಾಳೋ ಬೆವರುತ್ತಿದ್ದಾಳೋ ತಿಳಿಯುವಂತಿರಲಿಲ್ಲ.

ಅತ್ತೆ ಪರದೆ ಸರಿಸಿ ಬಂದಳು. “ಹೊಲಿದು ಕೊಡ್ತೀಯಾ?”

“ಕೊಡ್ತೀನಿ ಅಂದೆನಲ್ಲ.”

“ನಿನಗೆ ಮಾನ ಇದೆಯಾ?”

“ಗೊತ್ತಿಲ್ಲ ಅತ್ತೆ. ಈಗ ಮಾತಾಡಿಸಬೇಡಿ.”

ಮರುದಿನ ಹೊಲಿಯಲು ಕೂತಾಗ ಅವಳಿಗೆ ಹೊಸ ಕಷ್ಟ ಎದುರಾಯಿತು. ಗಂಟು ಹಾಕುವಾಗ ಹೆಸರು ಬಾಯಿಗೆ ಬರಲಿಲ್ಲ. ಅಂಚೆಯವನಿಲ್ಲ, ಎದುರುಮನೆಯ ಹುಡುಗಿಯಿಲ್ಲ, ಯಾರೂ ಇಲ್ಲ. ಮನಸ್ಸಿನೊಳಗೆ ಬರೀ ಬಾವಿಕಟ್ಟೆ, ಖಾಲಿ ಗೂಟ, ಅಲ್ಲಿ ನೇತಾಡುತ್ತಿದ್ದ ಗಂಡನ ಅಂಗಿ ಇಲ್ಲದಿದ್ದುದು. ಹೊಲಿಗೆ ಸೊಟ್ಟಗಾಯಿತು, ಬಿಚ್ಚಿದಳು. ಮತ್ತೆ ಸೊಟ್ಟಗಾಯಿತು. ಆಗ ದಬ್ಬಳವನ್ನು ಹಾಸಿಗೆಗೆ ಚುಚ್ಚಿ ನಿಲ್ಲಿಸಿ, ಗೋಡೆಯ ಮೇಲಿನ ಪುಟ್ಟ ಶಿಲುಬೆಯ ಕಡೆ ನೋಡಿ, ಪಕ್ಕದ ಅಂಗಡಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: “ಮಾಡ್ತೀನಿ. ಆದ್ರೆ ಇಷ್ಟಪಟ್ಟು ಮಾಡ್ತಿಲ್ಲ. ನಿನಗೆ ಗೊತ್ತಿರಲಿ ಅಂತ ಹೇಳ್ದೆ.”

ಹೇಳಿದ ಮೇಲೆ ಸ್ವಲ್ಪ ಹಗುರವಾಯಿತೇನೋ. ಆ ಹಾಸಿಗೆಯನ್ನು ಅವಳು ಯಾರ ಹೆಸರೂ ಇಲ್ಲದೆ, ಬರೀ ಕೆಲಸವೆಂದು ಮುಗಿಸಿದಳು. ಆದರೆ ಕೆಲಸದಲ್ಲಿ ಎಳ್ಳಷ್ಟೂ ಕಳ್ಳತನ ಮಾಡಲಿಲ್ಲ.

ಸೈಕಲ್ ರಿಪೇರಿಯವನು ಹಾಸಿಗೆಯನ್ನು ಕೈಗಾಡಿಯಲ್ಲಿ ಹೇರಿಕೊಂಡು ಜೊತೆಗೆ ಬಂದ. ಅವರ ಮನೆ ಒಂದು ಗೋದಾಮಿನ ಹಿಂಬದಿಯ ಕೋಣೆ. ಸಣ್ಣ ಕಿಟಕಿ, ಒದ್ದೆ ಗೋಡೆ, ಬಾಗಿಲು ತೆಗೆದರೆ ಮುಖಕ್ಕೆ ಹೊಡೆಯುವ ವಾಸನೆ. ನೆಲದ ಮೇಲೆ ಮಡಿಸಿದ ಗೋಣಿಚೀಲಗಳ ಮೇಲೆ ಅವನು ಮಲಗಿದ್ದ. ಸಿಳ್ಳೆ ಹಾಕುತ್ತಿದ್ದ ತುಟಿ ಒಂದು ಕಡೆಗೆ ಜಾರಿತ್ತು. ಹೆಂಡತಿಯನ್ನು ನೋಡಿದ್ದೇ ಅವನ ಗಂಟಲಿನಿಂದ ಏನೋ ಸದ್ದು ಬಂತು. ಚೆನ್ನಾಗಿದ್ದ ಕೈಯಿಂದ ಮುಖ ಮುಚ್ಚಿಕೊಂಡ.

ಹಾಸಿಗೆಯಕ್ಕ ಅವನ ಮುಖ ನೋಡಲು ಹೋಗಲಿಲ್ಲ. “ನೀರು ಬಿಸಿ ಮಾಡು,” ಎಂದಳು ಆ ಹೆಂಗಸಿಗೆ. ಇಬ್ಬರೂ ಸೇರಿ ಅವನನ್ನು ಮಗ್ಗುಲಿಗೆ ತಿರುಗಿಸಿದಾಗ ಬೆನ್ನು ಕಂಡಿತು. ಎಷ್ಟೋ ಜನರ ಬೆನ್ನು ನೋಡಿದವಳು ಅವಳು. ಆದರೂ ಕೈ ಒಂದು ಗಳಿಗೆ ನಿಂತಿತು. ಆಮೇಲೆ ತೋಳು ಮಡಿಸಿ, ಬಟ್ಟೆ ಅದ್ದಿ, ಅಂಚಿನಿಂದ ಒಳಕ್ಕೆ ಮೆಲ್ಲಗೆ ಒರೆಸತೊಡಗಿದಳು.

“ಹೀಗೆ ತಿರುಗಿಸ್ಬೇಕು. ಮೊದಲು ಮಂಡಿ ಮಡಿಸು, ಆಮೇಲೆ ಭುಜ ಎಳಿ. ಭಾರ ತಾನಾಗೇ ಉರುಳತ್ತೆ. ನಿನ್ನ ಸೊಂಟ ಮುರ್ಕೋಬೇಡ.”

ಆ ಹೆಂಗಸು ತಲೆಯಾಡಿಸಿದಳು. “ನೀವು ಬೈಯ್ತೀರ ಅಂದ್ಕೊಂಡಿದ್ದೆ,” ಎಂದಳು.

“ಬೈಯೋಕೆ ಬೇಕಾದಷ್ಟಿದೆ. ಈಗ ಎರಡೂ ಕೈ ತುಂಬ ಕೆಲಸ.”

ಅವಳು ಮನೆಗೆ ಮರಳಿದಾಗ ಅವತ್ತು ಅಡುಗೆ ಅತ್ತೆಯೇ ಮಾಡಿಟ್ಟಿದ್ದಳು, ಕೈ ತೊಳೆಯಲು ನೀರನ್ನೂ ಕಾಯಿಸಿದ್ದಳು.

ಹಾಸಿಗೆಯಕ್ಕ ಎರಡು ದಿನಕ್ಕೊಮ್ಮೆ ಅಲ್ಲಿಗೆ ಹೋಗಿಬರತೊಡಗಿದಳು. ಮೆತ್ತನೆಯ ಹಾಸಿಗೆಯೊಂದರಿಂದ ಹುಣ್ಣು ವಾಸಿಯಾಗುವುದಿಲ್ಲ. ಹೊತ್ತುಹೊತ್ತಿಗೆ ತಿರುಗಿಸುವವರು ಬೇಕು. ಹಗಲು ಆ ಹೆಂಗಸು ಇರುವುದಿಲ್ಲ, ಕೆಲಸ ಬಿಟ್ಟರೆ ಅವಳಿಗೂ ಅವನಿಗೂ ಅನ್ನವಿಲ್ಲ. ಕೋಣೆಯ ಒದ್ದೆ ಬೇರೆ. ಎಷ್ಟು ಲೆಕ್ಕ ಹಾಕಿದರೂ ಅವಳಿಗೆ ಒಂದೇ ದಾರಿ ಕಾಣುತ್ತಿತ್ತು, ಆ ದಾರಿ ಅವಳಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಕೆಲವು ವಾರ ಅದನ್ನು ದೂಡಿ ನೋಡಿದಳು. ಆಮೇಲೊಂದು ಸಂಜೆ ಅತ್ತೆಯ ಮುಂದೆ ಕೂತು ಹೇಳಿದಳು.

“ಇಲ್ಲಿಗೆ ಕರ್ಕೊಂಡು ಬರೋಣ ಅಂತಿದ್ದೀನಿ. ಇಬ್ಬರನ್ನೂ.”

“ನನಗೆ ಮಗ ಇಲ್ಲ,” ಎಂದಳು ಅತ್ತೆ.

“ನನಗೂ ಗಂಡ ಇಲ್ಲ. ಬೆನ್ನು ಹುಣ್ಣಾದ ಒಬ್ಬ ಮನುಷ್ಯ ಇದ್ದಾನೆ. ಅವನು ಅಲ್ಲೇ ಇದ್ರೆ ಕೊಳೆತು ಸಾಯ್ತಾನೆ. ನನಗೆ ನಿದ್ದೆ ಬರ್ತಿಲ್ಲ ಅತ್ತೆ.”

ಅತ್ತೆ ಮುಖ ತಿರುಗಿಸಿದಳು. ಗೋಡೆ ನೋಡಿಕೊಂಡೇ, “ನನ್ನ ಮೂಲೆ ಬಿಟ್ಟು ಬೇರೆ ಎಲ್ಲಾದ್ರೂ ಹಾಕು,” ಎಂದಳು.

ಅವನನ್ನು ಕೈಗಾಡಿಯಲ್ಲಿ ಮಲಗಿಸಿಕೊಂಡು ಬಂದ ದಿನ ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ಹಿಂದೆ ಆ ಹೆಂಗಸು ಪಾತ್ರೆಗಳ ಬುಟ್ಟಿ ಹೊತ್ತು ನೆಲ ನೋಡುತ್ತ ನಡೆದಳು. ಬೀಗದ ಕೈಯವನು ಏನೋ ಅನ್ನಲು ಬಾಯಿ ತೆರೆದ. ಸೈಕಲ್ ರಿಪೇರಿಯವನು, “ಗಾಡಿ ಹಿಡಿಯೋಕೆ ಬಾ, ಬಾಯಿ ಆಮೇಲೆ ತೆಗಿ,” ಎಂದ. ಅವನು ಬಂದು ಹಿಡಿದ.

ಆ ವಾರವೇ ಮರದ ಡಿಪೋದ ಹಿರಿಯರು ಅಂಗಡಿಗೆ ಬಂದರು. ಬೆತ್ತದ ಕುರ್ಚಿಯಲ್ಲಿ ಕೂತು, ಧೂಳಿಗೆ ಕರವಸ್ತ್ರ ಮೂಗಿಗಿಟ್ಟುಕೊಂಡೇ ಮಾತಾಡಿದರು.

“ನೋಡಮ್ಮಾ, ನಿನ್ನ ಮನಸ್ಸು ಒಳ್ಳೇದು, ಅದು ಗೊತ್ತು. ಆದ್ರೆ ಒಂದೇ ಸೂರಿನಡಿ ಹೀಗೆ ಇರೋದು… ಸಭೆಯ ಜನ ಏನಂತಾರೆ?”

“ಈಗಾಗಲೇ ಅಂತಿದ್ದಾರಲ್ಲ ಯಜಮಾನ್ರೇ. ಹೊಸದೇನು ಅನ್ನೋಕೆ ಉಳಿದಿದೆ?”

“ಪಾಪಕ್ಕೆ ಆಸರೆ ಕೊಟ್ಟ ಹಾಗೆ ಆಗಲ್ವಾ?”

ಹಾಸಿಗೆಯಕ್ಕ ದಾರವನ್ನು ಹಲ್ಲಿನಿಂದ ಕಡಿದಳು. “ನನಗೆ ಅಷ್ಟೆಲ್ಲ ಗೊತ್ತಿಲ್ಲ. ಅವರನ್ನ ಮಧ್ಯಾಹ್ನ ತಿರುಗಿಸೋಕೆ ಒಬ್ಬಳಿಗೆ ಆಗ್ತಿಲ್ಲ. ನೀವು ಬಂದಿದ್ದು ಒಳ್ಳೇದಾಯ್ತು, ಆ ಕಡೆ ಭುಜ ಹಿಡ್ಕೊಳ್ಳಿ.”

ಹಿರಿಯರು ಗಲಿಬಿಲಿಯಾಗಿ ಎದ್ದರು. ಕೋಟು ತೆಗೆದಿಟ್ಟು ಭುಜ ಹಿಡಿದರು. ಬೆನ್ನಿನ ಹುಣ್ಣು ನೋಡಿ ಅವರ ಮುಖ ಬಿಳಿಚಿಕೊಂಡಿತು. ಮರುವಾರ ಡಿಪೋದಿಂದ ಒಂದು ಮಂಚ ಬಂತು. ಅದರ ಕಾಲುಗಳು ತಗ್ಗು, ಮಲಗಿದವನನ್ನು ತಿರುಗಿಸಲು ಹದವಾದ ಎತ್ತರ. ಕೆಲವು ಮಧ್ಯಾಹ್ನ ಅವರೇ ಬಂದು ಭುಜ ಹಿಡಿದದ್ದೂ ಉಂಟು. ಬಂದಾಗಲೆಲ್ಲ ಮೊದಲು ಹವೆಯ ಬಗ್ಗೆ ಮಾತಾಡುತ್ತಿದ್ದರು.

ಹಗಲು ಹಾಸಿಗೆಯಕ್ಕ ನೋಡಿಕೊಳ್ಳುತ್ತಿದ್ದಳು, ಸಂಜೆ ಕೆಲಸದಿಂದ ಬಂದ ಮೇಲೆ ಆ ಹೆಂಗಸು. ಇಬ್ಬರ ನಡುವೆ ಬೇಕಾದಷ್ಟೇ ಮಾತು: ಗಂಜಿ ಕುಡಿದರಾ, ಪುಡಿ ಮುಗಿದಿದೆ, ಬಟ್ಟೆ ಒಣಗಿದೆ. ಅತ್ತೆ ಮಾತ್ರ ತನ್ನ ಮೂಲೆಯಲ್ಲಿ ಮಗನಿಗೆ ಬೆನ್ನು ಹಾಕಿ ಕೂತಿರುತ್ತಿದ್ದಳು. ಅವನು ಗಂಟಲಲ್ಲಿ ಸದ್ದು ಮಾಡಿ ಅಮ್ಮನನ್ನು ಕರೆದರೆ, ಕಿವಿ ಕೇಳದವಳ ಹಾಗೆ ಜಪಮಣಿ ಎಣಿಸುವಂತೆ ಸೋಫಾ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತಿದ್ದಳು.

ಒಂದು ಮಧ್ಯಾಹ್ನ ಹಾಸಿಗೆಯಕ್ಕ ಹೆರಿಗೆ ಆಸ್ಪತ್ರೆಗೆ ಹೋಗಿದ್ದಳು. ಬರುವುದು ತಡವಾಯಿತು. ಓಡೋಡಿ ಬಂದು ಬಾಗಿಲಲ್ಲಿ ನಿಂತರೆ ಒಳಗಿನಿಂದ ಅತ್ತೆಯ ಧ್ವನಿ ಕೇಳಿಸಿತು.

“ಕರೆಸ್ಕೋತೀನಿ ಅಂದ್ಯಲ್ಲ, ಎಲ್ಲೋ ಕರೆಸ್ಕೊಂಡೆ? ಹೊಸ್ತಿಲಲ್ಲಿ ಕೂತು ಕೂತು ನನ್ನ ಸೊಂಟ ಹಿಡ್ಕೊಂಡಿತು. ಬಾಯಿ ತೆಗಿ. ನನಗೆ ಜ್ವರ ಬಂದು ಸಾಯೋ ಹಾಗಾದಾಗ ಇವಳು ರಾತ್ರಿಯಿಡೀ ಒದ್ದೆ ಬಟ್ಟೆ ಹಾಕಿದ್ಲು. ನೀನೆಲ್ಲಿದ್ದೆ? ನುಂಗು. ಹಲ್ಲಿಲ್ಲದ ನಾನೇ ನುಂಗ್ತೀನಿ, ನಿನಗೇನು ಕಷ್ಟ? ನಿನ್ನ ಹೆಸರು ಹೇಳೋಕೆ ನಾಚಿಕೆಯಾಗಿ ಎಷ್ಟೋ ವರ್ಷ ಚರ್ಚಿಗೆ ಹೋಗಲಿಲ್ಲ ನಾನು, ಗೊತ್ತಾ? ಇನ್ನೊಂದು ತುತ್ತು. ಬಾಯಿ ತೆಗಿ ಅಂದ್ರೆ.”

ಬಟ್ಟಲು ಹಿಡಿದು ಮಗನ ಮಂಚದ ಅಂಚಿಗೆ ಕೂತಿದ್ದಳು ಮುದುಕಿ. ಚಮಚ ಅವನ ಬಾಯಿಗೆ ಹೋಗುತ್ತಿತ್ತು, ಬೈಗುಳ ಕಿವಿಗೆ. ಅವನು ಕಣ್ಣೀರು ಸುರಿಸುತ್ತ ನುಂಗುತ್ತಿದ್ದ. ಹಾಸಿಗೆಯಕ್ಕ ಒಳಗೆ ಹೋಗಲಿಲ್ಲ. ಸೈಕಲ್ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತು, “ಒಂದು ಚಹಾ ತರ್ಸು,” ಎಂದಳು. ಒಳಗಿನ ಬೈಗುಳ ಮುಗಿಯುವ ಹೊತ್ತಿಗೆ ಆ ಚಹಾ ಆರಿತ್ತು.

ಅಂದಿನಿಂದ ಮಗನಿಗೆ ಉಣಿಸುವುದು ತಾಯಿಯ ಕೆಲಸವಾಯಿತು. ಬೈಗುಳ ದಿನದಿನಕ್ಕೂ ಚಿಕ್ಕದಾಗುತ್ತ ಬಂತು. ಕೊನೆಕೊನೆಗೆ ಬರೀ “ಬಾಯಿ ತೆಗಿ” ಅಷ್ಟೇ ಉಳಿಯಿತು.

ಅವನ ಹುಣ್ಣುಗಳು ಒಣಗಿದವು. ಆದರೆ ಎದೆಯಲ್ಲಿ ಕಫ ಕಟ್ಟಿ, ಮಳೆಗಾಲ ಮುಗಿಯುವ ಮುಂಚೆ ಒಂದು ಬೆಳಿಗ್ಗೆ ಅವನು ತೀರಿಕೊಂಡ. ಹೋಗುವ ಹಿಂದಿನ ದಿನ ಚೆನ್ನಾಗಿದ್ದ ಕೈಯಿಂದ ಹೆಂಡತಿಯ ಮಣಿಕಟ್ಟು ಹಿಡಿದು ಏನೋ ಹೇಳಲು ನೋಡಿದ. ಮಾತು ಬರಲಿಲ್ಲ. “ಆಯ್ತು,” ಎಂದಳು ಅವಳು, “ನನಗೆ ತಿಳೀತು. ಮಲ್ಕೋ.” ಅವನು ಏನು ಹೇಳಲು ಬಯಸಿದ್ದ ಎಂದು ಆಮೇಲೆ ಅತ್ತೆ ಕೇಳಿದಾಗ ಅವಳು, “ನಿಜವಾಗಿ ಗೊತ್ತಿಲ್ಲ ಅತ್ತೆ. ಹಾಗಂದ್ರೆ ಅವರು ನಿದ್ದೆ ಮಾಡ್ತಾರೆ ಅನ್ನಿಸ್ತು,” ಎಂದಳು.

ಮಣ್ಣಿಗಿಟ್ಟು ಬಂದ ಮೇಲೆ ಆ ಹೆಂಗಸು ತನ್ನ ಬುಟ್ಟಿಯಲ್ಲಿ ಪಾತ್ರೆ ಜೋಡಿಸತೊಡಗಿದಳು. ಹೋಗಲು ಅವಳಿಗೆ ಜಾಗವಿರಲಿಲ್ಲ. ತವರಿನವರು ಎಂದೋ ಬಾಗಿಲು ಹಾಕಿದ್ದರು. ಗೋದಾಮಿನ ಕೋಣೆಗೆ ಬೇರೆಯವರು ಬಂದಿದ್ದರು. ಆದರೂ ಜೋಡಿಸುತ್ತಿದ್ದಳು.

“ಎಲ್ಲಿಗೆ?” ಎಂದಳು ಹಾಸಿಗೆಯಕ್ಕ.

“ಎಲ್ಲಾದ್ರೂ. ಇನ್ನು ಯಾವ ಮುಖ ಇಟ್ಕೊಂಡು ಇಲ್ಲಿರಲಿ? ನೀವು ಮಾಡಿದ್ದೇ ಹೆಚ್ಚು.”

ಹಾಸಿಗೆಯಕ್ಕ ದಬ್ಬಳವನ್ನೂ ದಾರವನ್ನೂ ಅವಳ ಕಡೆ ಚಾಚಿದಳು. “ಇದನ್ನ ಪೋಣಿಸಿ ಕೊಟ್ಟು ಹೋಗು. ಅತ್ತೆಗೆ ಕಣ್ಣು ಕಾಣಲ್ಲ. ನನಗೂ ಈಚೆಗೆ ಮಬ್ಬು.”

ಅವಳು ಪೋಣಿಸಿ ಕೊಟ್ಟಳು.

“ನಾಳೆ ಯಾರು ಪೋಣಿಸ್ತಾರೆ?”

ಆ ಹೆಂಗಸು ನಿಂತಲ್ಲೇ ಅತ್ತುಬಿಟ್ಟಳು. ಮೂಲೆಯಿಂದ ಅತ್ತೆ ಗದರಿದಳು: “ಅಳೋದಾದ್ರೆ ಆ ಕಡೆ ಹೋಗಿ ಅಳು, ಹತ್ತಿ ನೆನೆಯುತ್ತೆ. ಆ ಪಾತ್ರೆಗಳನ್ನ ಒಳಗಿಡು. ಒಳ್ಳೆ ಬಾಣಲೆ ಅದರಲ್ಲಿದೆ.”

ಹಾಗೆ ಅವಳು ಉಳಿದಳು. ಎಲ್ಲ ಒಮ್ಮೆಗೇ ಸಲೀಸಾಯಿತು ಎಂದರೆ ಸುಳ್ಳಾಗುತ್ತದೆ. ಹಾಸಿಗೆಯಕ್ಕನಿಗೆ ಕೆಲವು ದಿನ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಅಂಥ ದಿನ ಬೆಳಿಗ್ಗೆಯೇ ಎದ್ದು ಯಾರದೋ ಹಾಸಿಗೆ ತಟ್ಟುವ ನೆಪ ಮಾಡಿ ಹೊರಟುಬಿಡುತ್ತಿದ್ದಳು. ಪಾದ್ರಿಗಳ ಹತ್ತಿರ ಒಮ್ಮೆ ಹೇಳಿಕೊಂಡಳು ಕೂಡ: “ಅಯ್ಯನವರೇ, ಬಾಯಲ್ಲಿ ಕ್ಷಮಿಸಿದ್ದೀನಿ, ಹೊಟ್ಟೆಯಲ್ಲಿ ಇನ್ನೂ ಆಗಿಲ್ಲ.” ಪಾದ್ರಿಗಳು ಸ್ವಲ್ಪ ಯೋಚಿಸಿ, “ಕೈಯಲ್ಲಿ ಆಗಿದೆಯಲ್ಲ, ಹೊಟ್ಟೆ ನಿಧಾನವಾಗಿ ಬರಲಿ ಬಿಡಿ,” ಎಂದರಂತೆ. ಆ ಮಾತು ಅವಳಿಗೆ ಹಿಡಿಸಿತು. ಯಾವಾಗ ಹೊಟ್ಟೆಯೂ ಬಂತು ಎಂದು ಅವಳಿಗೇ ಗೊತ್ತಾಗಲಿಲ್ಲ. ಒಂದು ದಿನ ಗಂಟು ಹಾಕುವಾಗ ಆ ಹೆಂಗಸಿನ ಹೆಸರು ತಾನಾಗಿ ಬಾಯಿಗೆ ಬಂದಿತ್ತು, ಬಂದು ಬಹಳ ದಿನವಾಗಿತ್ತು ಎನ್ನುವುದೂ ಆಗಲೇ ಹೊಳೆದದ್ದು.

ಅತ್ತೆ ಆಮೇಲೆ ಕೆಲವು ವರ್ಷ ಬದುಕಿದ್ದಳು. ಸಾಯುವಾಗ ಇಬ್ಬರೂ ಪಕ್ಕದಲ್ಲಿದ್ದರು. ಹಾಸಿಗೆಯಕ್ಕನ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು ಮುದುಕಿ, “ನೀನು ಹೊಲಿಯೋದು ನಿಧಾನವೇ,” ಎಂದಳು. ಸ್ವಲ್ಪ ಉಸಿರು ತೆಗೆದುಕೊಂಡು ಸೇರಿಸಿದಳು: “ಆದ್ರೆ ಬಿಚ್ಚಲ್ಲ.” ಸೊಸೆಗೆ ಅತ್ತೆಯಿಂದ ಸಿಕ್ಕ ಹೊಗಳಿಕೆ ಅದೊಂದೇ. ಅದನ್ನು ಅವಳು ಯಾರಿಗೂ ಹೇಳಲಿಲ್ಲ; ಹೇಳಿದ್ದು ಪಕ್ಕದಲ್ಲಿದ್ದವಳು.

ಈಗ ಜನ ಸ್ಪಂಜಿನ ಹಾಸಿಗೆ ಕೊಳ್ಳುತ್ತಾರೆ. ಹತ್ತಿಯ ಕೆಲಸ ಕಡಿಮೆಯಾಗಿದೆ. ವೈದ್ಯರು ಧೂಳಿನ ಹತ್ತಿರ ಹೋಗಬೇಡಿ ಎಂದ ಮೇಲೆ ಹಾಸಿಗೆಯಕ್ಕ ಕೋಲು ಮುಟ್ಟುವಂತಿಲ್ಲ. ಬಡಿಯುವುದೆಲ್ಲ ಚಿಕ್ಕವಳ ಪಾಲು; ಗುಂಡಿ ಅಂಗಡಿಯವಳನ್ನು ಬೀದಿ ಈಗ ಕರೆಯುವುದು ಹಾಗೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿತ್ತಲಲ್ಲಿ ಬಡಿಯುತ್ತಾಳೆ. ಅಕ್ಕ ಕಿಟಕಿಯ ಹತ್ತಿರ ಕೂತು ದಿಂಬಿನ ಚೀಲ ಹೊಲಿಯುತ್ತ, ಕೋಲು ಸರಿಯಾಗಿ ಬೀಳುತ್ತಿಲ್ಲ ಎಂದು ಗೊಣಗುತ್ತಾಳೆ. “ಅತ್ತೆ ಸತ್ತಿಲ್ಲ, ನಿಮ್ಮ ಬಾಯಲ್ಲಿ ಕೂತಿದ್ದಾರೆ,” ಎಂದು ಚಿಕ್ಕವಳು ತಿರುಗಿ ಅನ್ನುತ್ತಾಳೆ.

ಮೊನ್ನೆ ಹಿಂದಿನ ಓಣಿಯಲ್ಲಿ ಒಬ್ಬ ಹುಡುಗಿಗೆ ಅವಳಿಜವಳಿ ಮಕ್ಕಳಾದವು. ಗಂಡ ಹಡಗಿನ ಕೆಲಸದವನು, ಹತ್ತಿರ ಬಂಧುಗಳು ಯಾರೂ ಇಲ್ಲ. ಸುದ್ದಿ ತಿಳಿದ ಕೂಡಲೇ ಇಬ್ಬರೂ ಅಂಗಡಿಯ ಬಾಗಿಲು ಅರ್ಧ ಎಳೆದು ಹೊರಟರು. ಚಿಕ್ಕವಳ ಒಂದು ಕಂಕುಳಲ್ಲಿ ಸುತ್ತಿದ ಪುಟ್ಟ ಹಾಸಿಗೆಗಳು, ಇನ್ನೊಂದು ಕೈಯಲ್ಲಿ ಬಿಸಿ ಹಾಲಿನ ಪಾತ್ರೆ. ಹಾಸಿಗೆಯಕ್ಕ ಹಿಂದೆ ಏದುಸಿರು ಬಿಡುತ್ತ, “ಓಡಬೇಡ ಮಾರಾಯ್ತಿ, ಹಾಲು ಚೆಲ್ಲುತ್ತೆ,” ಎನ್ನುತ್ತ ಬರುತ್ತಿದ್ದಳು. ಚಿಕ್ಕವಳು ನಿಂತು, ಹಾಲಿನ ಪಾತ್ರೆಯನ್ನು ಕೆಳಗಿಟ್ಟು, ಅಕ್ಕ ಹತ್ತಿರ ಬರುವವರೆಗೂ ಕಾದಳು.